ಮುನ್ನೂರ ಎಂಬತ್ತನಾಲ್ಕು ನಿಮಿಷ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಮಲ್ಲೇಶ ಕಾಕತಿಕರನ ಎಡ ಮೊಣಕಾಲಿನಲ್ಲಿ ಇನ್ನು 384 ನಿಮಿಷಗಳ ಆಟ ಉಳಿದಿದೆ ಎಂದು ಯಂತ್ರ ಹೇಳಿತು. ಅಂದು ಸೋಮವಾರ, 2058ರ ಆಗಸ್ಟ್ 5. ಬೆಳಗಾವಿಯಲ್ಲಿ ಮೂರು ವಾರದ ಜಿಟಿಜಿಟಿ ಮಳೆ ಹಿಂದಿನ ಸಂಜೆಯಷ್ಟೇ ನಿಂತಿತ್ತು.

384 ನಿಮಿಷವೆಂದರೆ ನಾಲ್ಕು ಫುಟ್‌ಬಾಲ್ ಪಂದ್ಯ, ಮೇಲೆ ಇಪ್ಪತ್ತನಾಲ್ಕು ನಿಮಿಷ. 900ಕ್ಕಿಂತ ಕಡಿಮೆ ಉಳಿದ ಆಟಗಾರನನ್ನು ಲೀಗ್‌ನ ಯಾವ ಕ್ಲಬ್ಬೂ ನೋಂದಾಯಿಸುವಂತಿರಲಿಲ್ಲ. ಮುಂದಾಗುವುದಕ್ಕೆಲ್ಲ ತಾನೇ ಹೊಣೆ ಎಂದು ಕ್ಲಬ್ಬಿನ ಸಮಿತಿ ಬರೆದುಕೊಟ್ಟರೆ ವಿನಾಯಿತಿ ಇತ್ತು. ಆವರೆಗೆ ಯಾವ ಸಮಿತಿಯೂ ಹಾಗೆ ಬರೆದುಕೊಟ್ಟಿರಲಿಲ್ಲ. ಹೆಸರು ಕಳಿಸಲು ಶುಕ್ರವಾರ ಸಂಜೆ ಆರು ಗಂಟೆಯ ಗಡುವಿತ್ತು.

ಯಂತ್ರಕ್ಕೆ ಕೇಳುಪಟ್ಟಿ ಎಂದು ಹೆಸರು. ಮಂಡಿಚಿಪ್ಪಿನ ಕೆಳಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ, ಒಳಗೆ ನಾಲ್ಕು ಬಿಲ್ಲೆ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ತಂತುವಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಒಂದು ಎಳೆ ಹರಿದಾಗ ಚಿಟಿಕೆ ಹೊಡೆದಂಥ ಸದ್ದು ಬರುತ್ತದೆ, ಮನುಷ್ಯನ ಕಿವಿಗೆ ಎಟುಕದಷ್ಟು ಕೀಚಲಾಗಿ. ಬಿಲ್ಲೆಗಳು ಅದನ್ನು ಹಿಡಿದು ಎಣಿಸುತ್ತವೆ. ಆಡುವಾಗ ಎಲ್ಲರ ತಂತುವೂ ಸದ್ದು ಮಾಡುತ್ತದೆ, ಅದರಲ್ಲಿ ವಿಶೇಷವಿಲ್ಲ. ಸುಮ್ಮನೆ ಕೂತಾಗಲೂ ಸದ್ದು ಮಾಡಿದರೆ ಒಳಗೇ ಹರಿಯುತ್ತಿದೆ ಎಂದು ಅರ್ಥ. ಆಟದ ದಿನದ ಎಣಿಕೆಯನ್ನು ವಿಶ್ರಾಂತಿ ದಿನದ ಎಣಿಕೆಯೊಂದಿಗೆ ತೂಗಿ, ಆ ತಂತು ಪೂರ್ತಿ ಹರಿಯುವ ಮುಂಚೆ ಎಷ್ಟು ನಿಮಿಷ ಆಡಬಹುದು ಎಂದು ಯಂತ್ರ ಹೇಳುತ್ತಿತ್ತು. ನೂರರಲ್ಲಿ ತೊಂಬತ್ತೊಂದು ಸಲ ಅದು ಸರಿಯಾಗಿರುತ್ತಿತ್ತು. 2052ರಲ್ಲಿ ಲೀಗ್ ಅದನ್ನು ಕಡ್ಡಾಯ ಮಾಡಿತು.

ಖಡೇಬಜಾರ್ ರೋವರ್ಸ್ ಕ್ಲಬ್ಬಿನ ಮೈದಾನ ಈಗ ಇಲ್ಲ. ಇದ್ದಾಗ ಅದು ಕ್ಯಾಂಪ್ ಪ್ರದೇಶದ ಆಚೆ, ಎರಡು ಸಾಲು ನೀಲಗಿರಿ ಮರಗಳ ನಡುವೆ ಇತ್ತು. ಲೀಗ್‌ನಲ್ಲಿ ಕೆಮ್ಮಣ್ಣಿನ ಮೇಲೆ ಅಭ್ಯಾಸ ಮಾಡುವ ಕೊನೆಯ ಕ್ಲಬ್ ಅದು. ಉಳಿದವರ ಕೃತಕ ಹುಲ್ಲಿನ ಹಾಸಿನಂಗಳದಲ್ಲಿ ಗೆರೆಗಳೆಲ್ಲ ಕಂಬದಿಂದ ಬೀಳುವ ಬೆಳಕು, ಇಲ್ಲಿ ಸುಣ್ಣ. ಮಳೆ ನಿಂತ ಬೆಳಗ್ಗೆ ಒದ್ದೆ ಸುಣ್ಣದ ವಾಸನೆ ಗೇಟಿನವರೆಗೆ ಬರುತ್ತಿತ್ತು. ಅಲ್ಲಿ ಆಡಿದ ಯಾರನ್ನು ಕೇಳಿದರೂ ಮೊದಲು ಆ ವಾಸನೆಯ ಮಾತು ಎತ್ತುತ್ತಾರೆ, ಗೋಲುಗಳ ಮಾತು ಆಮೇಲೆ.

ಕೇಳುಪಟ್ಟಿಯ ಕೋಣೆ ಹಿಂದೆ ಬೂಟು, ಜೆರ್ಸಿ ಇಡುವ ಉಗ್ರಾಣವಾಗಿತ್ತು. ಅದರ ಉಸ್ತುವಾರಿ ರೇಷ್ಮಾ ನದಾಫ್‌ಳದು. ಮೂವತ್ತನಾಲ್ಕು ವರ್ಷ, ಓದಿದ್ದು ಎಂಜಿನಿಯರಿಂಗ್, ಹುಟ್ಟಿ ಬೆಳೆದದ್ದು ಆ ಮೈದಾನದ ಅಂಚಿನ ಎರಡು ಕೋಣೆಯ ಮನೆಯಲ್ಲಿ. ಅವಳ ತಂದೆ ಹುಸೇನಸಾಬ ಐವತ್ತೊಂದು ವರ್ಷ ಆ ನೆಲವನ್ನು ನೋಡಿಕೊಂಡಿದ್ದರು.

"ಎಷ್ಟ್ರೀ?" ಎಂದ ಮಲ್ಲೇಶ. ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ. ಇಪ್ಪತ್ತೊಂಬತ್ತು ವರ್ಷ, ಎಡ ಅಂಚಿನ ಆಟಗಾರ. ಏಳು ಋತುಗಳಲ್ಲಿ ಕ್ಲಬ್ ಆಡಿದ 154 ಪಂದ್ಯಗಳಲ್ಲಿ ಅವನು ಅಂಗಳಕ್ಕಿಳಿದದ್ದು 61ಕ್ಕೆ. ಗೋಲು 23. ಉಳಿದ 93 ಪಂದ್ಯ ಅವನು ಹೊರಗೆ ಕೂತು ನೋಡಿದ್ದ. ಜನ ಅವನಿಗೆ ಬಳೆ ಎಂದು ಅಡ್ಡಹೆಸರು ಇಟ್ಟಿದ್ದರು. "ಏ ಬಳಿ, ಹಗೂರಕೋ, ಒಡದೀ!" ಎಂದು ಮೈದಾನದ ಕಟ್ಟೆಯ ಮೇಲಿನಿಂದ ಕೂಗುತ್ತಿದ್ದರು. ಅವನಿಗೆ ಚೆಂಡು ಸಿಕ್ಕಾಗ ಅದೇ ಜನ ಎದ್ದು ನಿಲ್ಲುತ್ತಿದ್ದರು.

"ಮುನ್ನೂರಾ ಎಂಬತ್ತನಾಕು," ಎಂದಳು ರೇಷ್ಮಾ.

"ಹೋದ ತಿಂಗಳ ನಾಕನೂರಾ ಹತ್ತ ಇತ್ತಲ್ರಿ. ನಾ ಆಡೇ ಇಲ್ಲ. ಕೂತಲ್ಲೇ ಹ್ಯಾಂಗ ಕಮ್ಮಿ ಆತು?"

"ಅದನ್ನ ನನಗ ಕೇಳಬ್ಯಾಡ ಮಲ್ಲೇಶ. ನಿನ್ನ ಮೊಣಕಾಲ ಕೇಳು."

ಬಾಗಿಲಲ್ಲಿ ನಿಂತಿದ್ದ ತರಬೇತುದಾರ ಬೆನೆಡಿಕ್ಟ್ ಲೋಬೋ ನಗಲಿಲ್ಲ. "ಶುಕ್ರವಾರ ಮೀಟಿಂಗ್ ಐತಿ," ಎಂದರು. "ನನ್ನ ಮನಸಿನ್ಯಾಗ ಏನೈತಿ ಅನ್ನೂದು ನಿನಗ ಮದಲ ಹೇಳಿಬಿಡ್ತೇನಿ. ನಾ ಬ್ಯಾಡ ಅನ್ನಾಂವ. ಈ ನಂಬರ್ ಬಿಡು. ಹತ್ತ ಮ್ಯಾಚಿನ್ಯಾಗ ಆರಕ್ಕ ನೀ ಇರೂದಿಲ್ಲ. ನಾ ಯಾರನ್ನ ನಂಬಿ ಟೀಮ್ ಕಟ್ಟಲಿ?"

"ಹೌದ್ರಿ ಸರ್," ಎಂದ ಮಲ್ಲೇಶ. ಪಟ್ಟಿ ಬಿಚ್ಚಲಿಲ್ಲ. ಗಾಯದ ದಿನಗಳಲ್ಲಿ ಬೆಳಗ್ಗೆ ಎರಡು ತಾಸು ಅದನ್ನು ಕಟ್ಟಿಕೊಂಡಿರಬೇಕೆಂಬ ನಿಯಮವಿತ್ತು. ಎದ್ದು ಹೊರಗೆ ಹೋಗಿ ಸುಣ್ಣದ ಪೆಟ್ಟಿಗೆ ಹಿಡಿದ.

ಅದು ರೋವರ್ಸ್‌ನ ಪದ್ಧತಿ. ಗಾಯವಾಗಿ ಆಡಲಾಗದವನು ಗೆರೆ ಎಳೆಯಬೇಕು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ನೂರು ವರ್ಷ ಯಾರೂ ಮುರಿದಿರಲಿಲ್ಲ. ಗಾಯಗೊಂಡವನು ಮನೆಯಲ್ಲಿ ಕೂತರೆ ಮೊದಲು ಬೆಳಗಿನ ಏಳುವಿಕೆ ತಪ್ಪುತ್ತದೆ, ಆಮೇಲೆ ಗೆಳೆಯರು ತಪ್ಪುತ್ತಾರೆ, ಕೊನೆಗೆ ಆಟ. ಗೆರೆ ಎಳೆದವನು ಮರಳಿ ಬರುತ್ತಾನೆ ಎಂಬುದು ಹಳಬರ ನಂಬಿಕೆ. ನಾಯಕನಾಗಿದ್ದವರೂ ಎಳೆದಿದ್ದರು, ರಾಷ್ಟ್ರೀಯ ತಂಡಕ್ಕೆ ಹೋಗಿಬಂದವರೂ ಎಳೆದಿದ್ದರು. ಕಟ್ಟೆಯ ಮೇಲೆ ಕೂತವರು ಆ ಹೊತ್ತಿನಲ್ಲಿ ಯಾರನ್ನೂ ಅಡ್ಡಹೆಸರಿನಿಂದ ಕರೆಯುತ್ತಿರಲಿಲ್ಲ.

ಮಲ್ಲೇಶನ ಮನೆ ಶಹಾಪುರದಲ್ಲಿ, ನೇಕಾರರ ಓಣಿಯಲ್ಲಿತ್ತು. ಮೊದಲು ಮಹಡಿಯ ಮೇಲಿದ್ದವರು ಎರಡು ವರ್ಷದ ಹಿಂದೆ ಕೆಳಕ್ಕೆ ಇಳಿದಿದ್ದರು. ಹತ್ತೊಂಬತ್ತು ಮೆಟ್ಟಿಲು, ದಿನಕ್ಕೆ ಆರು ಸಲ. ಅದನ್ನು ಆಟದ ನಿಮಿಷಕ್ಕೆ ಪರಿವರ್ತಿಸುವ ಲೆಕ್ಕವನ್ನು ಮಲ್ಲೇಶ ಯಾರಿಂದಲೋ ಕಲಿತಿದ್ದ. ಸಂಖ್ಯೆ ಕಡಿಮೆಯಿದ್ದ ಆಟಗಾರರೆಲ್ಲ ಆಗ ಅಂಥ ಲೆಕ್ಕ ಇಟ್ಟಿರುತ್ತಿದ್ದರು. ಒಬ್ಬ ಸೈಕಲ್ ಬಿಟ್ಟಿದ್ದ. ಇನ್ನೊಬ್ಬ ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡುತ್ತಿದ್ದ. ಮಲ್ಲೇಶ ಐದು ವರ್ಷದ ಮಗಳು ವೇದಾಳನ್ನು ಎತ್ತಿಕೊಳ್ಳುವುದು ಬಿಟ್ಟಿದ್ದ.

ಆ ಸೋಮವಾರ ಸಂಜೆ ಓಣಿಯಲ್ಲಿ ಮದುವೆ ಮೆರವಣಿಗೆ ಬಂತು. ವೇದಾ ಬಾಗಿಲಿಗೆ ಓಡಿದಳು. ದೊಡ್ಡವರ ಬೆನ್ನು ಬಿಟ್ಟು ಅವಳಿಗೆ ಏನೂ ಕಾಣಲಿಲ್ಲ. ಹಿಂದಿರುಗಿ ಅಪ್ಪನನ್ನು ನೋಡಿದಳು. ಮಲ್ಲೇಶ ಕುರ್ಚಿ ತಂದು ಅವಳ ಮುಂದಿಟ್ಟ.

ಹೆಂಡತಿ ಶೈಲಾ ಮಗ್ಗದಿಂದ ಎದ್ದುಬಂದು ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು. ಮೆರವಣಿಗೆ ದಾಟಿದ ಮೇಲೆ ಒಳಗೆ ಬಂದು ಹೇಳಿದಳು: "ಈ ಮನ್ಯಾಗ ನಾವು ಮೂರ ಮಂದಿ. ನಿನ್ನ ಮೊಣಕಾಲ ನಾಕನೇದ್ದು. ನಾಳೆಯಿಂದ ಅದಕ್ಕೂ ಒಂದು ತಾಟ ಹಾಕ್ತೇನಿ, ಉಣ್ಣಲಿ."

"ಶುಕ್ರವಾರ ತನಕ ತಡಿಯೇ."

"ಶುಕ್ರವಾರ ಆದ ಮ್ಯಾಲ ಏನ ಮಾಡಾಂವ?"

ರೋವರ್ಸ್ ಬಿಟ್ಟರೆ ಬೇರೆ ಕ್ಲಬ್ ಎನ್ನುವಂತಿರಲಿಲ್ಲ. 384 ಅವನ ಹೆಸರಿನ ಮುಂದೆ ಲೀಗ್‌ನ ಕಡತದಲ್ಲಿ ಕೂತಿತ್ತು. ಎಲ್ಲಿ ಹೋದರೂ ಅದು ಅವನಿಗಿಂತ ಮುಂಚೆ ಹೋಗುತ್ತಿತ್ತು. ಕ್ಲಬ್ ಅವನನ್ನು ಬಿಟ್ಟರೆ ಅವನ ಆಟ ಇಪ್ಪತ್ತೊಂಬತ್ತಕ್ಕೆ ಮುಗಿಯುತ್ತಿತ್ತು.

ಮಂಗಳವಾರ ಸಂಜೆ ಐದೂವರೆಗೆ ರೇಷ್ಮಾ ಮಲ್ಲೇಶನ ಹಳೆಯ ವಿಶ್ರಾಂತಿ ದಿನಗಳ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುತ್ತಿದ್ದಳು. "ಕೂತಲ್ಲೇ ಹ್ಯಾಂಗ ಕಮ್ಮಿ ಆತು" ಎಂಬ ಅವನ ಮಾತು ಅವಳಿಗೆ ಹಿಡಿಸಿರಲಿಲ್ಲ. ನಿಜವಾಗಿ ಕೂತಿದ್ದರೆ ಕಡಿಮೆಯಾಗಬಾರದು. ಕೀಚಲು ಸದ್ದಿನ ಶ್ರುತಿಯನ್ನು ಮಾತ್ರ ಇಳಿಸಿ, ವೇಗವನ್ನು ಹಾಗೇ ಉಳಿಸಿ, ಕಿವಿಗೆ ಕೇಳುವಂತೆ ಮಾಡುವ ಸಲಕರಣೆ ಅವಳಲ್ಲಿತ್ತು. ಕೋಣೆಯಲ್ಲಿ ಒಣಗಿದ ಕಡ್ಡಿ ಮುರಿಯುವಂಥ ಸದ್ದು ತುಂಬಿತ್ತು.

ಹುಸೇನಸಾಬರಿಗೆ ಎಪ್ಪತ್ತಾರು. ನಿವೃತ್ತರಾಗಿ ಮೂರು ವರ್ಷವಾಗಿತ್ತು. ಮಂಚದ ಮೇಲೆ ಚಹದ ಬಟ್ಟಲು ಹಿಡಿದು ಕೂತಿದ್ದರು. ಯಂತ್ರದ ಬಗ್ಗೆ ಅವರಿಗೆ ದ್ವೇಷವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ.

"ನಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲಬೇ," ಎಂದರು. "ಯಾಸೀನ ಮುಲ್ಲಾ ಅಂತ ಇದ್ದ. ಓಡಿ ಬಂದನಂದ್ರ ನೆಲಾ ದಡದಡ ಅಂತಿತ್ತು. ಕಾಲ ಬಾತಿದ್ರ ಅವರವ್ವ ಅರಿಷಿಣ ಬಿಸಿ ಮಾಡಿ ಹಚ್ಚಾಕಿ, ಅವ ಮರುದಿನ ಬರಾಂವ. ಎಷ್ಟ ಛಂದ ಆಡ್ತಿದ್ದ."

"ಆಮ್ಯಾಲ ಅವರಿಗೇನಾತು, ಅಬ್ಬಾ?"

"ಆಮ್ಯಾಲ ಕುಂಟಿಕೋತ ಅಡ್ಡಾಡಿದ, ಸಾಯೂತನಕ." ಬಟ್ಟಲು ಕೆಳಗಿಟ್ಟರು. "ಛಂದ ಇತ್ತು ಅಂದೆ. ಚಲೋ ಇತ್ತು ಅಂದೆನೇನು?"

ಮುದ್ರಣ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಮುದುಕರ ಬೆರಳು ಮಂಚದ ಚೌಕಟ್ಟಿನ ಮೇಲೆ ಆಡತೊಡಗಿತು. ನಾಲ್ಕು ಸಲ ತಟ್ಟಿ ನಿಲ್ಲುವುದು. ಮತ್ತೆ ನಾಲ್ಕು ಸಲ.

"ಯಾರಿಂವ, ಗೆರಿ ಎಳ್ಯಾಕತ್ತಾಂವ?" ಎಂದು ಕೇಳಿದರು.

"ಯಾವ ಗೆರಿ?"

"ಕೇಳು. ನಾಕ ಹೆಜ್ಜಿ ಹಿಂದ, ನಿಂತ. ನಾಕ ಹೆಜ್ಜಿ, ನಿಂತ. ಕಟ್ಟಿದ ದಾರಾ ನೋಡಾಕ ನಿಂದರಬೇಕಲ್ಲ, ಇಲ್ಲಂದ್ರ ಗೆರಿ ಸೊಟ್ಟ ಆಗ್ತೈತಿ. ನಾನ ಕಲಿಸೇನಿ, ನನಗ ಗೊತ್ತಾಗೂದಿಲ್ಲೇನ? ಎಡಗಾಲ ಸ್ವಲ್ಪ ಎಳೀತಾನ ನೋಡು. ಬಳಿ ಇರಬೇಕು."

ರೇಷ್ಮಾ ಯಂತ್ರ ನಿಲ್ಲಿಸಿದಳು.

ಸುಣ್ಣದ ಪೆಟ್ಟಿಗೆ ಎರಕದ ಕಬ್ಬಿಣದ್ದು. ತುಂಬಿದಾಗ ಇಪ್ಪತ್ತೆಂಟು ಕಿಲೋ. ಹಸಿ ಗೆರೆ ತುಳಿಯಬಾರದೆಂದು ಅದನ್ನು ಎದುರಿಗಿಟ್ಟುಕೊಂಡು, ಮಂಡಿ ಮಡಿಸಿ, ಹಿಂದೆ ಹಿಂದೆ ನಡೆಯುತ್ತ ಎಳೆಯಬೇಕು. ಇಡೀ ಅಂಗಳಕ್ಕೆ ಒಂದೂಮುಕ್ಕಾಲು ತಾಸು. ಆ ಭಾರ ಬೀಳುವುದು ಮಂಡಿಚಿಪ್ಪಿನ ಕೆಳಗಿನ ತಂತುವಿನ ಮೇಲೇ. ಭಾರ ಬಿದ್ದ ತಂತು ಗಟ್ಟಿಯಿದ್ದರೂ ಸದ್ದು ಮಾಡುತ್ತದೆ.

ಬೇರೆ ಕ್ಲಬ್‌ಗಳಲ್ಲಿ ಗಾಯಗೊಂಡವನು ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದ. ರೋವರ್ಸ್‌ನಲ್ಲಿ ಪಟ್ಟಿ ಕಟ್ಟಿಕೊಂಡು ಗೆರೆ ಎಳೆಯುತ್ತಿದ್ದ. ಯಂತ್ರ ಪ್ರತಿ ದಿನ ಕೇಳುತ್ತಿತ್ತು: ಆಟವೋ, ವಿಶ್ರಾಂತಿಯೋ? ಆರು ವರ್ಷ ರೇಷ್ಮಾ ತನ್ನ ಕೈಯಾರೆ ವಿಶ್ರಾಂತಿ ಎಂದು ಒತ್ತಿದ್ದಳು, ಕಿಟಕಿಯಾಚೆ ಅವರು ಎಳೆಯುವುದನ್ನು ನೋಡುತ್ತಲೇ. ಸುಳ್ಳು ಹೇಳಬೇಕೆಂದಲ್ಲ. ಆ ಮೈದಾನದಲ್ಲಿ ಬೆಳೆದ ಯಾರಿಗೂ ಗೆರೆ ಎಳೆಯುವುದು ಕೆಲಸವೆಂದು ತೋರಿರಲಿಲ್ಲ. ಆಡದೆ ಇರುವವರು ಮಾಡುವ ಸಂಗತಿ ಅದು. ಅವಳ ತಿಳಿವಳಿಕೆಯಲ್ಲಿ ವಿಶ್ರಾಂತಿ ಎಂದರೇ ಅದು.

ಬುಧವಾರ ಅವಳು ಕೆಲಸಕ್ಕೆ ಕೂತಳು. ಹುಸೇನಸಾಬರು ನಿವೃತ್ತರಾಗುವ ದಿನದವರೆಗೆ ಒಂದು ವಹಿ ಇಟ್ಟಿದ್ದರು: ತಾರೀಖು, ಮಳೆ, ಗೆರೆ ಎಳೆದವರ ಹೆಸರು. 2052ರಿಂದ 2055ರವರೆಗೆ ಮಲ್ಲೇಶನ ವಿಶ್ರಾಂತಿ ಮುದ್ರಣಗಳು 43. ಅವುಗಳಲ್ಲಿ 41 ದಿನ ವಹಿಯಲ್ಲಿ ಅವನ ಹೆಸರಿತ್ತು. ಉಳಿದ ಎರಡು ದಿನ ಜೋರು ಮಳೆ, ಯಾರೂ ಎಳೆದಿರಲಿಲ್ಲ. ಆ ಎರಡು ದಿನದ ಎಣಿಕೆ ಮಾತ್ರ ಉಳಿದದ್ದರ ಹತ್ತರಲ್ಲೊಂದು ಪಾಲಿತ್ತು. ಆಗಲೇ ಅದು ಕಣ್ಣಿಗೆ ಬಿದ್ದಿತ್ತು; ಯಂತ್ರದ ದೋಷವೆಂದು ಅವಳೇ ಅದನ್ನು ಬದಿಗಿಟ್ಟಿದ್ದಳು.

ಗುರುವಾರ ಬೆಳಗ್ಗೆ ಮಲ್ಲೇಶನನ್ನು ಕೋಣೆಯ ಚಾಪೆಯ ಮೇಲೆ ಮಲಗಿಸಿದಳು.

"ಎರಡ ತಾಸ ಅಳ್ಳಾಡಬ್ಯಾಡ."

"ಗೆರಿ ಯಾರ ಎಳೀತಾರ್ರಿ?"

"ಗೆರಿ ಇವತ್ತ ಹಾಳಾಗಿ ಹೋಗಲಿ."

ಗೆರೆ ಎಳೆದ ದಿನಗಳಲ್ಲಿ ತಾಸಿಗೆ ಸರಾಸರಿ 212 ಸದ್ದು. ಅಂದು ತಾಸಿಗೆ 17. ಇಪ್ಪತ್ತರ ಒಳಗಿದ್ದರೆ ಯಂತ್ರದ ಪ್ರಕಾರ ತಂತು ಆರೋಗ್ಯವಾಗಿದೆ. ಅವಳು ಗೆರೆ ಎಳೆದ ದಿನಗಳ ಮತ್ತು ವಹಿಯಿಲ್ಲದ ವರ್ಷಗಳ ವಿಶ್ರಾಂತಿ ಎಣಿಕೆಗಳನ್ನು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿಸಿದಳು. ಸರಿಯಾದ ವಿಶ್ರಾಂತಿ ದಿನಗಳು ಮೂರೇ ಇದ್ದುದರಿಂದ ಯಂತ್ರ ಒಂದೇ ಸಂಖ್ಯೆ ಕೊಡಲಿಲ್ಲ, ಒಂದು ಅಂದಾಜು ಕೊಟ್ಟಿತು: 1,150ಕ್ಕಿಂತ ಕಡಿಮೆಯಿಲ್ಲ, 1,900ಕ್ಕಿಂತ ಹೆಚ್ಚಿಲ್ಲ. ಗಟ್ಟಿ ಕಾಲೇನಲ್ಲ ಅದು. ಅವನ ವಯಸ್ಸಿನ ಬೇರೆಯವರಿಗೆ ಆರು ಸಾವಿರ ಇರುತ್ತಿತ್ತು. ಆದರೆ 384 ಅಲ್ಲ.

ಆಮೇಲೆ ಅವಳು ಇನ್ನೊಂದು ಕಡತ ತೆಗೆದಳು. 2053ರಿಂದ 2057ರವರೆಗೆ ಸಂಖ್ಯೆ 900ಕ್ಕಿಂತ ಕೆಳಗಿಳಿದಿತ್ತೆಂದು ಕ್ಲಬ್ ಬಿಟ್ಟ ಆಟಗಾರರು ಐವರು. ಐವರೂ ಗೆರೆ ಎಳೆದವರು. ಐವರನ್ನೂ ಆಮೇಲೆ ಯಾವ ಕ್ಲಬ್ಬೂ ತೆಗೆದುಕೊಂಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಏಳು ಜನರ ಸಮಿತಿ ಸೇರಿತು. ಅಧ್ಯಕ್ಷ ಅಪ್ಪಾಸಾಹೇಬ ದೇಸೂರಕರ್‌ಗೆ ಅರವತ್ತೆಂಟು. ಹಿಂದೆ ಅವರೇ ಗೋಲ್‌ಕೀಪರ್ ಆಗಿದ್ದವರು. ಗೋಡೆಯ ಮೇಲೆ ಹಳೆಯ ತಂಡಗಳ ಫೋಟೋ. ಅವುಗಳ ಕೆಳಗೆ ಹುಸೇನಸಾಬರು ವಹಿಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ರೇಷ್ಮಾ ಹನ್ನೊಂದು ನಿಮಿಷ ಮಾತಾಡಿದಳು. ತಪ್ಪು ಯಾರದೆಂದು ಕೇಳುವ ಮುಂಚೆಯೇ, "ಗುಂಡಿ ಒತ್ತಿದಾಕಿ ನಾನ," ಎಂದಳು.

ದೇಸೂರಕರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಿದ್ದಬೇಕಂದ್ರ ಹ್ಯಾಂಗ?"

"ಲೀಗಿಗೆ ಪತ್ರ ಬರೀಬೇಕ್ರಿ. ನಮ್ಮ ವಿಶ್ರಾಂತಿ ಎಣಿಕಿ ತಪ್ಪು ಅಂತ."

"ಮಲ್ಲೇಶಂದಷ್ಟ?"

"ಆರು ವರ್ಷದ್ದು, ಎಲ್ಲಾರದ್ದೂ. ಅವರ ನಿಯಮ ಹಂಗ ಐತ್ರಿ. ಒಬ್ಬಂದ ತಿದ್ದಾಕ ಬರೂದಿಲ್ಲ."

"ಅಂದ್ರ ಆ ಐದ ಮಂದೀದು."

"ಹೌದ್ರಿ."

"ಆ ಐದೂ ಕಾಗದಕ್ಕ ಸಹಿ ಮಾಡಿದಾಂವ ನಾನು, ರೇಷ್ಮಾ." ಅವರ ದನಿ ಏರಲಿಲ್ಲ. "ಸದಾನಂದ ಹಂಜಿ ನನ್ನ ಕಾಲ ಮುಟ್ಟಿ ಹೋದ. ಇಪ್ಪತ್ತೇಳ ವರ್ಷ ಅವಗ. ಕಾಕಾ, ಯಂತ್ರ ಹೇಳ್ತಂದ್ರ ಮುಗೀತ ಬಿಡ್ರಿ ಅಂದ. ಈಗ ಅವಗ ಹೋಗಿ ಏನ ಹೇಳ್ಲಿ?" ಕನ್ನಡಕ ಮತ್ತೆ ಏರಿಸಿಕೊಂಡರು. "ಮಲ್ಲೇಶಗ ಶಾಲು ಹೊದಿಸಿ ಮರ್ಯಾದೀಲೆ ಕಳಸೂಣು. ಬರೂ ವರ್ಷದಿಂದ ಯಂತ್ರ ಸರಿಯಾಗಿ ಹಚ್ಚೂಣು. ಹಳೇದು ತಗದ್ರ ಯಾರಿಗೆ ಏನ ಸಿಗತೈತಿ?"

ಹುಸೇನಸಾಬರು ಕೆಮ್ಮಿದರು.

"ಏನ ಹುಸೇನಿ?"

"ಏನಿಲ್ರಿ ಸಾಹೇಬ್ರ. ಗೆರಿ ಸೊಟ್ಟ ಬಿದ್ರ ನಾವು ಅಳಿಸಿ ಮತ್ತ ಹಾಕತಿದ್ವಿ. ಅದರ ಮ್ಯಾಲ ಮಣ್ಣ ಹಾಕಿದ್ರ ಮಳೀಗೆ ಮತ್ತ ಕಾಣತಿತ್ತು."

ದೇಸೂರಕರ್ ಅವರನ್ನು ಒಂದು ಕ್ಷಣ ದಿಟ್ಟಿಸಿ, ಮಲ್ಲೇಶನನ್ನು ಒಳಗೆ ಕರೆಸಲು ಹೇಳಿದರು.

ಮಲ್ಲೇಶ ಕುರ್ಚಿಯಲ್ಲಿ ಕೂರಲಿಲ್ಲ. ರೇಷ್ಮಾ ಕಂಡುಹಿಡಿದದ್ದು ಅವನಿಗೆ ಗೊತ್ತಿತ್ತು, ಹೊಸ ಅಂದಾಜು ಗೊತ್ತಿರಲಿಲ್ಲ. "ಇಟ್ಕೊಳ್ರಿ ಅಂತ ಬೇಡಾಕ ಬಂದಿಲ್ರಿ," ಎಂದ. "ನಾ ಬಾಳ ಸಲ ಬಿದ್ದೇನಿ, ಖರೇ. ತಗೀರಿ ಬೇಕಾದ್ರ. ಆದ್ರ ಆ ನಂಬರ್ ನಂದಲ್ಲ ಅಂತ ಬರದ ಕೊಡ್ರಿ. ಮತ್ತೆಲ್ಲ್ಯಾರ ಹೋಗಿ ಬಾಗಲಾ ಬಡೀತೇನಿ."

ಆಗ ಲೋಬೋ ಬಾಯಿ ತೆರೆದರು. "ಹೋದ ವರ್ಷ ಹುಬ್ಬಳ್ಳಿ ಮ್ಯಾಚ್. ಎಂಬತ್ತನೇ ನಿಮಿಷ. ಬಾಲ್ ನಿನ್ನ ಮುಂದ ಬಿದ್ದಿತ್ತು, ಅವರ ಬ್ಯಾಕ್ ಇನ್ನೂ ಮೂರ ಮಾರ ದೂರ ಇದ್ದ. ಯಾಕ ಹೋಗಲಿಲ್ಲ?"

ಮಲ್ಲೇಶ ನೆಲ ನೋಡಿದ. "ಅಂಥಾ ಬಾಲಿಗೆ ಹೋದ್ರ ನಾಕ ನಿಮಿಷ ಕಳೀತೈತ್ರಿ. ಆವಾಗ ಐದನೂರಾ ಇಪ್ಪತ್ತ ಇತ್ತು."

"ಲೆಕ್ಕಾ ಮಾಡಿದ್ಯಾ? ಆಡಕೋತ?"

"ದಿನಾ ಮಾಡ್ತೇನ್ರಿ. ಮನ್ಯಾಗೂ ಮಾಡ್ತೇನಿ."

ಲೋಬೋ ಕಿಟಕಿಯ ಕಡೆ ನೋಡಿದರು. ಅಂಗಳದಲ್ಲಿ ಗೆರೆಗಳು ಮಾಸಿದ್ದವು. "ನಾ ಇವನ್ನ ಪುಕ್ಕಲಾ ಅಂತ ತಿಳ್ಕೊಂಡಿದ್ದೆ," ಎಂದು ಸಮಿತಿಗೆ ಹೇಳಿದರು. "ಎರಡ ವರ್ಷ ಹಂಗ ತಿಳ್ಕೊಂಡಿದ್ದೆ. ಇಪ್ಪತ್ತೆರಡನೇ ವಯಸ್ಸಿನ್ಯಾಗ ಇಂವ ಯಾವ ಬಾಲಿಗೆ ಹೋಗತಿರಲಿಲ್ಲ ಹೇಳ್ರಿ? ಅರ್ಧಾ ಮ್ಯಾಚಿಗೆ ಇಂವ ಇರೂದಿಲ್ಲ, ಅದು ಇವತ್ತೂ ಖರೇನ. ಆದ್ರ ಲೆಕ್ಕಾ ಮಾಡಲಾರದ ಮಲ್ಲೇಶ ಉಳದ ಅರ್ಧಾ ಮ್ಯಾಚಿಗೆ ಸಿಗತಾನಂದ್ರ, ಅವ ನನಗ ಬೇಕು."

ಮೊದಲ ಮತ ಪತ್ರದ ಬಗ್ಗೆ. ಐದು ಕೈ ಎದ್ದವು, ದೇಸೂರಕರ್ ಅವರದು ಐದನೆಯದು. ಎರಡನೆಯ ಮತ ಮಲ್ಲೇಶನ ಬಗ್ಗೆ. ನಾಲ್ಕಕ್ಕೆ ಮೂರು, ಅವನು ಉಳಿದ. ಎರಡನೆಯದರಲ್ಲಿ ದೇಸೂರಕರ್ ವಿರುದ್ಧ ಇದ್ದರು. ಅವನ ಮುಖ ನೋಡಿಯೇ ಅದನ್ನು ಹೇಳಿದರು: "ನಿನ್ನ ಮ್ಯಾಲ ಸಿಟ್ಟಿಲ್ಲ. ಕ್ಲಬ್ಬಿಗೆ ಗಟ್ಟಿ ಕಾಲ ಬೇಕು ಅನ್ನಾಂವ ನಾ."

"ಗೊತ್ತೈತ್ರಿ ಕಾಕಾ," ಎಂದ ಮಲ್ಲೇಶ.

ಪತ್ರ, ಅದರೊಂದಿಗೆ ಮಲ್ಲೇಶನ ಹೆಸರು ಮತ್ತು ಹೊಣೆ ತನ್ನದೆಂಬ ಸಮಿತಿಯ ಬರಹ, ಸಂಜೆ 5 ಗಂಟೆ 42 ನಿಮಿಷಕ್ಕೆ ಹೋದವು. ಹೊಸ ಅಂದಾಜು ಬರೆದ ಹಾಳೆಯನ್ನು ರೇಷ್ಮಾ ಮಲ್ಲೇಶನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. "ಬ್ಯಾಡ್ರಿ. ನೀವ ಇಟ್ಕೊಳ್ರಿ. ಒಂಬೈನೂರಕ್ಕ ಮ್ಯಾಲ ಐತಂದ್ರ ಸಾಕು."

ಸದಾನಂದ ಹಂಜಿಗೆ ದೇಸೂರಕರ್ ತಾವೇ ಫೋನ್ ಮಾಡಿದರು. ಗೋಕಾಕದಲ್ಲಿ ಅವನ ಟೈಲ್ಸ್ ಅಂಗಡಿ ಇತ್ತು. ಎಲ್ಲವನ್ನೂ ಕೇಳಿಸಿಕೊಂಡು ಅವನು, "ಹೌದಾ ಕಾಕಾ. ಹೇಳಿದ್ದ ಚಲೋ ಆತು. ಅಂಗಡ್ಯಾಗ ಗಿರಾಕಿ ಅದಾರ, ಆಮ್ಯಾಲ ಮಾಡ್ತೇನಿ," ಎಂದ. ಆಮೇಲೆ ಮಾಡಲಿಲ್ಲ. ಲೀಗ್ ಐವರ ಎಣಿಕೆಯನ್ನೂ ಪರಿಶೀಲಿಸಿ ನಾಲ್ವರ ಸಂಖ್ಯೆಯನ್ನು 900ಕ್ಕಿಂತ ಮೇಲೆ ತಿದ್ದಿತು. ಅವರಲ್ಲಿ ಒಬ್ಬ ಮತ್ತೆ ಆಡಿದ, ಎರಡನೇ ದರ್ಜೆಯಲ್ಲಿ, ಒಂದು ಋತು. ರೋವರ್ಸ್‌ಗೆ ಲೀಗ್ ಲಿಖಿತ ಎಚ್ಚರಿಕೆ ಕೊಟ್ಟಿತು. ರೇಷ್ಮಾ ರಾಜೀನಾಮೆ ಬರೆದಳು. ಸಮಿತಿ ಅದನ್ನು ಸ್ವೀಕರಿಸಲಿಲ್ಲ.

ಆ ಋತುವನ್ನು ನೋಡಿದವರು ಈಗಲೂ ಅದರ ಮಾತಾಡುತ್ತಾರೆ. ರೋವರ್ಸ್ ಆರನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ. ಆದರೂ ಎಡ ಅಂಚಿನಲ್ಲಿ ಮಲ್ಲೇಶ ಚೆಂಡಿಗಾಗಿ ಕೆಸರಿನ ಮೇಲೆ ಜಾರಿ ಹೋಗುವುದನ್ನು, ಎದ್ದು ಮತ್ತೆ ಓಡುವುದನ್ನು ಅವರು ಇಸವಿ ಸಮೇತ ನೆನೆಯುತ್ತಾರೆ. ಕಟ್ಟೆಯ ಮೇಲಿಂದ ಬಳೆ ಎಂಬ ಕೂಗು ನಿಲ್ಲಲಿಲ್ಲ. ಕೂಗುವವರ ದನಿ ಮಾತ್ರ ಬದಲಾಗಿತ್ತು ಎಂದು ಶೈಲಾ ಹೇಳುತ್ತಾಳೆ. ಅವಳು ಮದುವೆಯಾದ ಮೇಲೆ ಮೊದಲ ಸಲ ಪಂದ್ಯ ನೋಡಲು ಹೋದದ್ದು ಆ ವರ್ಷ.

ಅವನು ಹದಿನೇಳು ಪಂದ್ಯಗಳಲ್ಲಿ 1,207 ನಿಮಿಷ ಆಡಿದ. ಏಳು ಗೋಲು ಹೊಡೆದ. 2059ರ ಜನವರಿ 26, ಭಾನುವಾರ, ಪಂದ್ಯದ 71ನೇ ನಿಮಿಷದಲ್ಲಿ ಅವನ ಎಡ ಮೊಣಕಾಲಿನ ತಂತು ಹರಿಯಿತು. ಆಗ ಹತ್ತಿರ ಎದುರಾಳಿಗಳು ಯಾರೂ ಇರಲಿಲ್ಲ. ಮಾರ್ಚ್ 3ರಂದು ಅವನ ನಿವೃತ್ತಿ ಪತ್ರ ಬಂತು, ಎರಡು ಸಾಲಿನದು. ಸಮಿತಿ ಅದನ್ನು ಮತಕ್ಕೆ ಹಾಕದೆ ಒಪ್ಪಿಕೊಂಡಿತು.